ಹಿಂದಿರುಗುವ ವಿಮಾನದಿಂದ ಲೆಕ್ಕ ಶುರುವಾಗಲಿ: ಸ್ವರಾಜ್ ದ್ವೀಪಕ್ಕೆ ಆರು ದಿನಗಳ ಡೈವಿಂಗ್ ಪ್ರವಾಸ

ಅಂಡಮಾನಿಗೆ ಹೋಗಿ ಒಮ್ಮೆ ಕಡಲಿನೊಳಗೆ ಇಳಿದು ನೋಡಬೇಕೆಂಬ ಆಸೆ ಹುಟ್ಟಿದ ಕೂಡಲೇ ಹೆಚ್ಚಿನವರು ಮೊದಲು ಹುಡುಕುವುದು ಅಗ್ಗದ ವಿಮಾನ ಟಿಕೆಟನ್ನು. ಅದು ಸಿಕ್ಕ ಮೇಲೆ ಹೋಟೆಲು, ಆಮೇಲೆ ದ್ವೀಪಕ್ಕೆ ಹೋಗುವ ಹಡಗು, ಕೊನೆಗೆ ಎಲ್ಲೋ ಉಳಿದ ಅರ್ಧ ದಿನಕ್ಕೆ ಸ್ಕೂಬಾ ಡೈವಿಂಗ್. ಈ ಕ್ರಮ ತಿರುಗುಮುರುಗಾದದ್ದು. ಡೈವ್ ಮಾಡಿದ ದೇಹ ಎಷ್ಟು ಹೊತ್ತಿನ ಮೇಲೆ ವಿಮಾನ ಹತ್ತಬಹುದು ಎಂಬುದನ್ನು ಮೊದಲು ತಿಳಿದುಕೊಂಡು, ಹಿಂದಿರುಗುವ ವಿಮಾನದ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಮಾತ್ರ ಚಿಕ್ಕ ಪ್ರವಾಸವೂ ಸುರಕ್ಷಿತವಾಗಿ, ನೆಮ್ಮದಿಯಾಗಿ ಮುಗಿಯುತ್ತದೆ. ಬೆಂಗಳೂರಿನಿಂದ ಹೊರಟು ಸ್ವರಾಜ್ ದ್ವೀಪಕ್ಕೆ, ಎಂದರೆ 2018ರವರೆಗೆ ಹ್ಯಾವ್‌ಲಾಕ್ ಎಂದು ಕರೆಯಲಾಗುತ್ತಿದ್ದ ದ್ವೀಪಕ್ಕೆ, ಹೋಗಿಬರುವ ಯೋಜನೆಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಮೊದಲು ಕೊನೆಯ ದಿನವನ್ನು ಗೊತ್ತುಮಾಡಿ

ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಆಮ್ಲಜನಕ ಮಾತ್ರ ಇರುತ್ತದೆ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ಅದರಲ್ಲಿರುವುದು ನಾವು ದಿನವೂ ಉಸಿರಾಡುವ ಗಾಳಿಯೇ. ಅದನ್ನು ಸಾಮಾನ್ಯವಾಗಿ 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಆ ಗಾಳಿಯ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೂ ವಾತಾವರಣದಷ್ಟೇ ಇನ್ನೊಂದು ಒತ್ತಡ ಬಂದು ಸೇರುವುದರಿಂದ, ಆಳದಲ್ಲಿ ಉಸಿರಾಡಿದ ಸಾರಜನಕ ರಕ್ತಕ್ಕೂ ಅಂಗಾಂಶಗಳಿಗೂ ಹೆಚ್ಚಾಗಿ ಕರಗಿ ಸೇರುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಮೂಲಕವೇ ಹೊರಗೆ ಹೋಗುತ್ತದೆ. ಒತ್ತಡ ಒಮ್ಮೆಲೇ ಇಳಿದರೆ, ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ನೊರೆ ಏಳುವ ಹಾಗೆ, ದೇಹದೊಳಗೇ ಗುಳ್ಳೆ ಕಟ್ಟುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಇದರ ಪರಿಣಾಮಗಳುಂಟು.

ದಡಕ್ಕೆ ಬಂದ ಮೇಲೂ ಗಂಟೆಗಟ್ಟಲೆ ಈ ಸಾರಜನಕ ಹೊರಹೋಗುತ್ತಲೇ ಇರುತ್ತದೆ. ವಿಮಾನದೊಳಗಿನ ಒತ್ತಡವೋ ಸಮುದ್ರ ಮಟ್ಟದ್ದಲ್ಲ; 1,800ರಿಂದ 2,400 ಮೀಟರ್ ಎತ್ತರದ್ದು. ಕಡಲಿನಿಂದ ಎದ್ದು ನೇರವಾಗಿ ವಿಮಾನ ಹತ್ತುವುದೆಂದರೆ, ಕೆಲವೇ ನಿಮಿಷಗಳಲ್ಲಿ 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಹೋಗಿ ನಿಂತಂತೆ. ಆದ್ದರಿಂದಲೇ ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹಲವು ಡೈವ್‌ಗಳನ್ನು ಅಥವಾ ಹಲವು ದಿನ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕೆಂಬುದು ಡೈವಿಂಗ್ ವೈದ್ಯಕೀಯ ತಜ್ಞರು ಒಪ್ಪಿರುವ ಮಾರ್ಗಸೂಚಿ. ಇದು ಕನಿಷ್ಠ ಮಿತಿ ಎಂಬುದನ್ನು ಮರೆಯಬಾರದು. ಪೂರ್ತಿ 24 ಗಂಟೆ ಬಿಡಿ ಎಂದೇ ನಾನು ಎಲ್ಲರಿಗೂ ಹೇಳುವುದು.

ಸಂದರ್ಭ ಬಂದುದರಿಂದ ಇನ್ನೊಂದು ಮಾತು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ, ಅದೇ ಸಂಜೆ ಬಸ್ಸು ಹತ್ತಿ ಘಾಟಿ ಏರಿ, 900 ಮೀಟರಿಗೂ ಎತ್ತರದ ಬೆಂಗಳೂರಿಗೆ ಹಿಂದಿರುಗುವವರು ಬಹಳ. ವಿಮಾನವಿಲ್ಲದ ಕಾರಣಕ್ಕೆ ಈ ಲೆಕ್ಕ ಅಲ್ಲಿ ಅನ್ವಯಿಸುವುದಿಲ್ಲ ಎಂದುಕೊಳ್ಳಬಾರದು. ಆ ರಾತ್ರಿ ಕರಾವಳಿಯಲ್ಲೇ ಉಳಿಯುವುದು ಒಳ್ಳೆಯದು.

ಈಗ ಹಿಂದಕ್ಕೆ ಎಣಿಸಿ

ನಿಮ್ಮ ವಿಮಾನ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಶ್ರೀ ವಿಜಯ ಪುರದಿಂದ (2024ರವರೆಗಿನ ಪೋರ್ಟ್ ಬ್ಲೇರ್) ಹೊರಡುತ್ತದೆ ಎಂದಿಟ್ಟುಕೊಳ್ಳಿ. 24 ಗಂಟೆ ಹಿಂದಕ್ಕೆ ಹೋದರೆ ಶನಿವಾರ ಮಧ್ಯಾಹ್ನ. ಆದರೆ ಸ್ವರಾಜ್ ದ್ವೀಪದಿಂದ ಶ್ರೀ ವಿಜಯ ಪುರಕ್ಕೆ ಹಡಗಿನಲ್ಲಿ ಬರಬೇಕು. ಸರ್ಕಾರಿ ದೋಣಿಯೋ ಖಾಸಗಿ ಕಂಪನಿಯ ವೇಗದ ಹಡಗೋ ಎಂಬುದರ ಮೇಲೆ ಪ್ರಯಾಣಕ್ಕೆ ಒಂದೂವರೆಯಿಂದ ಎರಡೂವರೆ ಗಂಟೆ ಹಿಡಿಯುತ್ತದೆ. ಕಡಲು ಕೆರಳಿದರೆ ಹಡಗೇ ರದ್ದಾಗುತ್ತದೆ. ಹಾಗಾಗಿ ವಿಮಾನದ ದಿನ ಬೆಳಿಗ್ಗೆ ಹಡಗು ಹಿಡಿದು ಬಂದು ವಿಮಾನ ಹತ್ತುತ್ತೇನೆ ಎಂಬ ಯೋಜನೆ ಬೇಡವೇ ಬೇಡ. ಶನಿವಾರವೇ ಹಡಗಿನಲ್ಲಿ ಬಂದು ರಾತ್ರಿ ಶ್ರೀ ವಿಜಯ ಪುರದಲ್ಲಿ ತಂಗಬೇಕು. ಕೊನೆಯ ಡೈವ್ ಶುಕ್ರವಾರ ಮುಗಿದಿರಬೇಕು.

ಶುಕ್ರವಾರದಿಂದ ಇನ್ನೂ ಹಿಂದಕ್ಕೆ ಬಂದರೆ ಬುಧವಾರ, ಗುರುವಾರ, ಶುಕ್ರವಾರ ಕಡಲಿಗೆ. ಮಂಗಳವಾರ ಬೆಂಗಳೂರಿನಿಂದ ಬೆಳಗಿನ ವಿಮಾನ, ಮಧ್ಯಾಹ್ನದ ಹಡಗು. ನೇರ ವಿಮಾನವಾದರೆ ಸುಮಾರು ಎರಡೂವರೆ ಗಂಟೆಯ ಹಾದಿ. ಹೀಗೆ ಮಂಗಳವಾರದಿಂದ ಭಾನುವಾರದವರೆಗೆ ಐದು ರಾತ್ರಿ, ಆರು ದಿನ. ಒಂದೇ ಒಂದು ಪ್ರಾಯೋಗಿಕ ಡೈವ್ ಸಾಕು ಎನ್ನುವವರು ಒಂದು ದಿನ ಕಡಿಮೆ ಮಾಡಬಹುದು. ಎರಡು ದಿನ ಕಡಿಮೆ ಮಾಡಬೇಡಿ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಈ ಲೆಕ್ಕ ಮುಗಿದ ಮೇಲೆ ವಿಮಾನದ ಟಿಕೆಟು, ಅದರ ಬೆನ್ನಿಗೇ ಹಡಗಿನ ಟಿಕೆಟು. ಡಿಸೆಂಬರ್ ಕೊನೆಯ ವಾರದಂಥ ರಜೆಯ ದಿನಗಳಲ್ಲಿ ಹಡಗಿನ ಸೀಟುಗಳು ವಿಮಾನಕ್ಕಿಂತ ಮೊದಲೇ ತುಂಬಬಹುದು. ಭಾರತೀಯ ಪ್ರಜೆಗಳಿಗೆ ಶ್ರೀ ವಿಜಯ ಪುರಕ್ಕೂ ಸ್ವರಾಜ್ ದ್ವೀಪಕ್ಕೂ ಹೋಗಲು ಪ್ರತ್ಯೇಕ ಪರವಾನಗಿ ಬೇಕಿಲ್ಲ. ಗುರುತಿನ ಚೀಟಿ ಸಾಕು.

ಯಾವ ತಿಂಗಳು, ಯಾವ ತಿಥಿ

ಮೇ ತಿಂಗಳ ಕೊನೆಯ ಹೊತ್ತಿಗೆ ಅಂಡಮಾನಿಗೆ ನೈಋತ್ಯ ಮುಂಗಾರು ಬಂದಿರುತ್ತದೆ. ಅಲ್ಲಿಂದ ಸೆಪ್ಟೆಂಬರಿನವರೆಗೆ ಕಡಲು ಒರಟು. ಅಕ್ಟೋಬರ್, ನವೆಂಬರಿನಲ್ಲಿ ಮಳೆ ಬಿಟ್ಟು ಬಿಟ್ಟು ಬರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ನೀರು ಶಾಂತವಾಗಿ, ತಿಳಿಯಾಗಿ ಇರುವ ಸಾಧ್ಯತೆ ಹೆಚ್ಚು.

ತಿಂಗಳನ್ನು ಎಲ್ಲರೂ ನೋಡುತ್ತಾರೆ, ತಿಥಿಯನ್ನು ನೋಡುವವರು ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತ ಜೋರಾಗಿ, ನೀರಿನ ಸೆಳೆತ ಬಲವಾಗುತ್ತದೆ. ತಳದ ಮರಳು ಎದ್ದು ನೀರು ಕದಡುವುದೂ ಉಂಟು. ಅಷ್ಟಮಿಯ ಸುಮಾರಿಗೆ ಉಬ್ಬರವಿಳಿತದ ವ್ಯತ್ಯಾಸ ತಗ್ಗಿ ಸೆಳೆತ ಸೌಮ್ಯವಾಗುತ್ತದೆ. ನಮ್ಮ ಕರಾವಳಿಯ ಮೀನುಗಾರರ ಮನೆಯಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿಯಿದು. ಮೊದಲ ಸಲ ಇಳಿಯುವವರು ಗೋಡೆಯ ಕ್ಯಾಲೆಂಡರಿನಲ್ಲಿ ಅಷ್ಟಮಿ ಯಾವಾಗ ಬರುತ್ತದೆಂದು ನೋಡಿ, ಅದರ ಹಿಂದುಮುಂದಿನ ದಿನಗಳನ್ನು ಆರಿಸಿಕೊಂಡರೆ ಒಳ್ಳೆಯದು.

ಪ್ರಾಯೋಗಿಕ ಡೈವೋ, ಕೋರ್ಸೋ

ತರಬೇತಿಯಿಲ್ಲದವರಿಗೆ ಪ್ರಾಯೋಗಿಕ ಡೈವ್ ಇದೆ. ಹತ್ತು ವರ್ಷ ತುಂಬಿದ ಯಾರು ಬೇಕಾದರೂ, ಆರೋಗ್ಯವಾಗಿದ್ದರೆ, ತರಬೇತುದಾರರ ಜೊತೆಯಲ್ಲಿ ಇಳಿಯಬಹುದು; ಆಳದ ಮಿತಿ 12 ಮೀಟರ್. ಎರಡನೆಯದು ಪ್ಯಾಡಿ, ಎಸ್‌ಎಸ್‌ಐ ಮುಂತಾದ ಡೈವಿಂಗ್ ತರಬೇತಿ ಸಂಸ್ಥೆಗಳ ಓಪನ್ ವಾಟರ್ ಕೋರ್ಸ್. ಮೂರು ನಾಲ್ಕು ದಿನಗಳ ಈ ತರಬೇತಿ ಮುಗಿಸಿದರೆ ಜೊತೆಗಾರರೊಬ್ಬರೊಡನೆ 18 ಮೀಟರಿನವರೆಗೆ ಇಳಿಯುವ ಅರ್ಹತೆ ಸಿಗುತ್ತದೆ. ಪ್ಯಾಡಿ ಕೋರ್ಸಿಗೆ 200 ಮೀಟರ್ ಈಜಬೇಕು, ಹತ್ತು ನಿಮಿಷ ನೀರಿನ ಮೇಲೆ ತೇಲಬೇಕು. ಪಾಠದ ಭಾಗವನ್ನು ಮನೆಯಲ್ಲೇ ಓದಿಕೊಂಡು, ಕೊಳದ ಅಭ್ಯಾಸವನ್ನು ಬೆಂಗಳೂರಿನಲ್ಲೇ ಮುಗಿಸಿ, ಕಡಲಿನ ನಾಲ್ಕು ಡೈವ್‌ಗಳನ್ನು ಮಾತ್ರ ದ್ವೀಪದಲ್ಲಿ ಮಾಡುವ ಏರ್ಪಾಡೂ ಸಾಧ್ಯ. ಚಿಕ್ಕ ರಜೆಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಈಜು ಬಾರದವರನ್ನೂ ಪ್ರಾಯೋಗಿಕ ಡೈವಿಗೆ ಕರೆದೊಯ್ಯುವ ಕೇಂದ್ರಗಳು ಇವೆ. ಆದರೂ ಹೊರಡುವ ಮೊದಲು ಒಂದು ತಿಂಗಳು ಈಜುಕೊಳಕ್ಕೆ ಹೋಗಿ ತೇಲುವುದನ್ನಾದರೂ ಕಲಿತುಕೊಳ್ಳಿ. ಮುಖಕ್ಕೆ ನೀರು ಸೋಕಿದರೆ ಹೆದರುವವರಿಗೆ ಆಳದಲ್ಲಿ ನೋಡುವ ವ್ಯವಧಾನವೇ ಇರುವುದಿಲ್ಲ.

ವೈದ್ಯರ ಮಾತು ಮೊದಲು

ಕೇಂದ್ರದಲ್ಲಿ ನಿಮ್ಮ ಕೈಗೆ ಆರೋಗ್ಯದ ಪ್ರಶ್ನಾವಳಿಯೊಂದನ್ನು ಕೊಡುತ್ತಾರೆ. ಅಸ್ತಮಾ, ಹೃದ್ರೋಗ, ಮೂರ್ಛೆರೋಗ, ಕಿವಿ ಅಥವಾ ಎದೆಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಕ್ಕೆ ಹೌದೆಂದರೂ ವೈದ್ಯರ ಪತ್ರವಿಲ್ಲದೆ ಇಳಿಸುವುದಿಲ್ಲ. ಗರ್ಭಿಣಿಯರು ಇಳಿಯಲೇಬಾರದು. ಅಷ್ಟು ದೂರ ಹೋದ ಮೇಲೆ ಅವಕಾಶ ತಪ್ಪೀತೆಂದು ಎಲ್ಲದಕ್ಕೂ ಇಲ್ಲ ಎಂದು ಗುರುತು ಹಾಕುವವರನ್ನು ಕಂಡಿದ್ದೇನೆ. ಅದು ಪ್ರಾಣದೊಡನೆ ಆಡುವ ಸುಳ್ಳು. ಆ ಪ್ರಶ್ನಾವಳಿಯನ್ನು ಮೊದಲೇ ಮಿಂಚಂಚೆಯಲ್ಲಿ ತರಿಸಿಕೊಂಡು ಊರಿನಲ್ಲೇ ವೈದ್ಯರಿಗೆ ತೋರಿಸಿ. ಹಾಗೆಯೇ ನಿಮ್ಮ ಆರೋಗ್ಯ ವಿಮೆಯ ಷರತ್ತುಗಳನ್ನು ಓದಿ. ಸಾಹಸ ಕ್ರೀಡೆಗಳನ್ನು ಹೊರಗಿಟ್ಟ ವಿಮೆಗಳು ಇರುವುದರಿಂದ, ಡೈವಿಂಗಿಗೆಂದೇ ಇರುವ ವಿಮೆ ಬೇಕಾಗಬಹುದು.

ನೆಗಡಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಾನು ಮೊದಲ ಸಲ ಹೋದಾಗ ಸಣ್ಣ ನೆಗಡಿಯಿತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಳಿದೆ. ಮೂರು ಮೀಟರ್ ದಾಟುತ್ತಿದ್ದಂತೆ ಎಡಗಿವಿಯೊಳಗೆ ಯಾರೋ ಹೆಬ್ಬೆರಳಿಟ್ಟು ಅದುಮಿದಂತಾಯಿತು. ಒತ್ತಡ ಸರಿದೂಗಿಸಲು ಮೂಗು ಹಿಡಿದು ಊದಿದರೂ ಕಿವಿ ಬಿಡಲಿಲ್ಲ. ತರಬೇತುದಾರರು ನನ್ನ ಕಣ್ಣು ನೋಡಿಯೇ ಅರ್ಥಮಾಡಿಕೊಂಡು ಮೇಲಕ್ಕೆ ಕರೆತಂದರು. ಮರುದಿನವೂ ಇಳಿಯಲಾಗಲಿಲ್ಲ, ಮೂರನೆಯ ದಿನ ಕಿವಿ ಬಿಟ್ಟಿತು. ಎರಡು ದಿನ ಕಡಿಮೆ ಮಾಡಬೇಡಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಕೈಯಲ್ಲಿ ಒಂದೇ ದಿನವಿದ್ದವರು ನೋವು ನುಂಗಿಕೊಂಡು ಇಳಿಯುತ್ತಾರೆ, ಕಿವಿಯ ತಮಟೆ ಹರಿದುಕೊಳ್ಳುತ್ತಾರೆ. ಮೂಗು ಬಿಡಿಸುವ ಔಷಧಿ ಹಾಕಿಕೊಂಡು ಇಳಿಯುವುದೂ ಸರಿಯಲ್ಲ. ಅದರ ಪ್ರಭಾವ ನೀರಿನೊಳಗಿದ್ದಾಗಲೇ ಮುಗಿದರೆ ಮೇಲೆ ಬರುವಾಗ ತೊಂದರೆಯಾಗುತ್ತದೆ.

ಕೇಂದ್ರವನ್ನು ಆರಿಸುವಾಗ

ಫೋಟೊ, ವಿಡಿಯೊ ಉಚಿತವೇ ಎಂದು ಕೇಳುವ ಮೊದಲು ಬೇರೆ ಪ್ರಶ್ನೆಗಳಿವೆ. ಒಬ್ಬ ತರಬೇತುದಾರರ ಜೊತೆ ಎಷ್ಟು ಜನ ಇಳಿಯುತ್ತಾರೆ? ಮೊದಲ ಸಲದವರಿಗೆ ಒಬ್ಬರಿಗೊಬ್ಬರು ಇದ್ದರೆ ಉತ್ತಮ. ದೋಣಿಯಲ್ಲಿ ತುರ್ತು ಆಮ್ಲಜನಕದ ಪೆಟ್ಟಿಗೆ ಇದೆಯೇ? ಅವಘಡವಾದರೆ ದೇಹದಲ್ಲಿ ಕಟ್ಟಿದ ಗುಳ್ಳೆಗಳನ್ನು ಕರಗಿಸುವ ಒತ್ತಡ ಚಿಕಿತ್ಸೆಯ ಕೋಣೆ ಇರುವ ಆಸ್ಪತ್ರೆಗೆ ಹೇಗೆ ಕರೆದೊಯ್ಯುತ್ತಾರೆ? ಇವಕ್ಕೆ ತಡವರಿಸದೆ ಉತ್ತರ ಕೊಡುವವರ ಬಳಿಗೆ ಹೋಗಿ. ಹೇಳಿದ ಹಣದಲ್ಲಿ ನೀರಿನೊಳಗೆ ಎಷ್ಟು ನಿಮಿಷ, ದೋಣಿಯಿಂದಲೋ ದಡದಿಂದಲೋ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಸ್ವರಾಜ್ ದ್ವೀಪದಲ್ಲಿ ನೀಮೋ ರೀಫ್, ಲೈಟ್‌ಹೌಸ್ ಮುಂತಾದವು ಹೊಸಬರಿಗೆ ಹೊಂದುವ ತಾಣಗಳು. ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಹೆಚ್ಚು ಆಳದವು, ಅನುಭವವಿದ್ದವರಿಗೆ.

ನೀರಿಗಿಳಿಯುವ ಬೆಳಿಗ್ಗೆ

ಅಂಡಮಾನಿನಲ್ಲಿ ಗಡಿಯಾರ ನಮ್ಮದೇ ಆದರೂ ಸೂರ್ಯ ನಮ್ಮದಲ್ಲ. ಐದು ಗಂಟೆಯ ಹೊತ್ತಿಗೇ ಬೆಳಕು ಹರಿಯುತ್ತದೆ, ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೆ ಕತ್ತಲಾಗುತ್ತದೆ. ಆದ್ದರಿಂದ ಡೈವಿಂಗ್ ಬೆಳಿಗ್ಗೆ ಬೇಗ ಶುರು. ಹಿಂದಿನ ರಾತ್ರಿ ಮದ್ಯ ಬೇಡ, ನೀರು ಚೆನ್ನಾಗಿ ಕುಡಿಯಿರಿ, ಬೆಳಿಗ್ಗೆ ಎರಡು ಇಡ್ಲಿಯಷ್ಟು ಹಗುರವಾಗಿ ತಿನ್ನಿ. ಕನ್ನಡಕದವರು ಪವರ್ ಇರುವ ಮಾಸ್ಕ್ ಬೇಕೆಂದು ಮೊದಲೇ ತಿಳಿಸಿ.

ಇಳಿಯುವ ಮೊದಲು ಸೊಂಟದ ಮಟ್ಟದ ನೀರಿನಲ್ಲಿ ಮೂರು ಪಾಠ ಮಾಡಿಸುತ್ತಾರೆ. ಒಂದು, ಬಾಯಿಯಿಂದ ಕಳಚಿದ ರೆಗ್ಯುಲೇಟರನ್ನು, ಎಂದರೆ ಸಿಲಿಂಡರಿನ ಗಾಳಿ ಉಸಿರಾಡಲು ಬಾಯಲ್ಲಿ ಕಚ್ಚಿಕೊಳ್ಳುವ ಸಾಧನವನ್ನು, ಮತ್ತೆ ಕಚ್ಚಿಕೊಂಡು ಊದಿ ನೀರು ಹೊರಹಾಕುವುದು. ಇನ್ನೊಂದು, ಮಾಸ್ಕಿನೊಳಗೆ ನುಗ್ಗಿದ ನೀರನ್ನು ತೆಗೆಯುವುದು: ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ತಲೆಯನ್ನು ತುಸು ಮೇಲಕ್ಕೆತ್ತಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಟ್ಟರೆ ಕೆಳಗಿನ ಅಂಚಿನಿಂದ ನೀರು ತಾನಾಗಿ ಜಾರಿಹೋಗುತ್ತದೆ. ಈ ಪಾಠವನ್ನು ಹೆದರಿಕೆ ಹೋಗುವವರೆಗೆ ಮತ್ತೆ ಮತ್ತೆ ಮಾಡಿ. ಮೂರನೆಯದು ಸನ್ನೆಗಳು. ನಮ್ಮಲ್ಲಿ ಹೆಬ್ಬೆರಳೆತ್ತಿದರೆ ಚೆನ್ನಾಗಿದೆ ಎಂದರ್ಥ. ನೀರಿನೊಳಗೆ ಅದರ ಅರ್ಥ ಮೇಲಕ್ಕೆ ಹೋಗೋಣ ಎಂದು. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಖುಷಿಯಲ್ಲಿ ಹೆಬ್ಬೆರಳೆತ್ತಿ ಡೈವನ್ನೇ ಮುಗಿಸಿಕೊಂಡವರು ಎಷ್ಟೋ ಜನ.

ಇಳಿಯುತ್ತ ಅರ್ಧ ಮೀಟರಿಗೊಮ್ಮೆ, ನೋವು ಬರುವುದಕ್ಕೆ ಮೊದಲೇ, ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಿ. ಎಂದಿಗೂ ಉಸಿರು ಕಟ್ಟಿ ಹಿಡಿಯಬೇಡಿ. ಹತ್ತು ಮೀಟರಿನಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಹಿಡಿದಿಟ್ಟರೆ ಶ್ವಾಸಕೋಶವೇ ಹರಿದೀತು. ಮೇಲೆ ಬರುವಾಗ ನಿಮಿಷಕ್ಕೆ 9 ಮೀಟರಿಗಿಂತ ವೇಗ ಬೇಡ. ಕೋರ್ಸಿನವರು ಐದು ಮೀಟರಿನಲ್ಲಿ ಮೂರು ನಿಮಿಷ ತಂಗುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ.

ಆಳಕ್ಕೆ ಹೋದಂತೆ ಕೆಂಪು ಬಣ್ಣ ಮೊದಲು ಮಂಕಾಗಿ ಎಲ್ಲವೂ ನೀಲಿಗೆ ತಿರುಗುತ್ತದೆ. ಅಂಥ ನೀಲಿಯಲ್ಲಿ ಅನೆಮೊನೆ ಎಂಬ ಬೆರಳುಬೆರಳಾದ ಜೀವಿಯ ನಡುವಿನಿಂದ ಕಿತ್ತಳೆ ಬಣ್ಣದ ಕೋಡಂಗಿ ಮೀನು, ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡದು, ಮಾಸ್ಕಿನವರೆಗೂ ಬಂದು ನಿಂತು ತನ್ನ ಮನೆ ಕಾದದ್ದನ್ನು ನಾನು ಮರೆತಿಲ್ಲ. ಅದರ ಮನೆಗೆ ಕೈ ಹಾಕಬೇಡಿ. ಹವಳವನ್ನು ಮುಟ್ಟಬೇಡಿ, ಕಾಲಿಗೆ ತೊಟ್ಟ ಫಿನ್ನಿನಿಂದ ಒದೆಯಬೇಡಿ. ಅಂಡಮಾನಿನ ಹವಳಗಳು 2010ರಲ್ಲಿ ನೀರು ಬಿಸಿಯೇರಿ ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಸತ್ತಿದ್ದವು. ಉಳಿದವು, ಹೊಸದಾಗಿ ಬೆಳೆದವು ಬಹಳ ನಾಜೂಕಿನವು. ಸನ್‌ಸ್ಕ್ರೀನ್ ಬಳಿದುಕೊಳ್ಳುವುದಕ್ಕಿಂತ ತುಂಬುತೋಳಿನ ಈಜುಡುಪು ತೊಡುವುದು ಲೇಸು. ದಡದಲ್ಲಿ ಬಿದ್ದ ಹವಳದ ಚೂರನ್ನೂ ಊರಿಗೆ ತರಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆಯಾಗುತ್ತದೆ.

ನೀರಿನಿಂದ ಎದ್ದ ಮೇಲೆ

ಸಾಕಷ್ಟು ನಗದು ಹಣ, ಒಣ ಟವೆಲು, ಹಡಗಿನ ವಾಕರಿಕೆಗೆ ವೈದ್ಯರು ಹೇಳಿದ ಮಾತ್ರೆ ಜೊತೆಗಿರಲಿ. ಕಡಲ ದಂಡೆಯಲ್ಲಿ ಮೊಸಳೆಯ ಎಚ್ಚರಿಕೆ ಫಲಕವಿದ್ದರೆ ಅಲ್ಲಿ ಕಾಲನ್ನೂ ನೆನೆಸಬೇಡಿ.

ಪ್ರತಿ ಡೈವ್ ಮುಗಿದ ಕೂಡಲೇ, ಕೂದಲು ಒಣಗುವ ಮೊದಲೇ, ಒಂದು ಪುಟ್ಟ ಪುಸ್ತಕದಲ್ಲಿ ತಾಣದ ಹೆಸರು, ಅತಿ ಹೆಚ್ಚಿನ ಆಳ, ನೀರಿನೊಳಗಿದ್ದ ನಿಮಿಷಗಳು, ಮುಳುಗಲು ಸೊಂಟಕ್ಕೆ ಕಟ್ಟಿದ ತೂಕ ಎಷ್ಟು ಕಿಲೋ ಎಂಬುದನ್ನು ಬರೆದು ತರಬೇತುದಾರರ ಸಹಿ ಹಾಕಿಸಿಕೊಳ್ಳಿ. ನೀರಿನಿಂದ ತಲೆಯೆತ್ತಿದ ಗಳಿಗೆಯನ್ನು ಗಂಟೆ, ನಿಮಿಷ ಸಮೇತ ಬರೆಯಿರಿ. ಶುಕ್ರವಾರದ ಕೊನೆಯ ಡೈವಿನ ಆ ಗಳಿಗೆಯನ್ನೂ ಭಾನುವಾರದ ವಿಮಾನದ ಟಿಕೆಟನ್ನೂ ಪಕ್ಕಪಕ್ಕದಲ್ಲಿಟ್ಟು ನಡುವಿನ ಗಂಟೆಗಳನ್ನು ಇನ್ನೊಮ್ಮೆ ಎಣಿಸಿ, ಆಮೇಲೆ ಹಡಗು ಹತ್ತಿ.