ಓದದೆ ಇಟ್ಟ ಪ್ರೇಮ ಕಾದಂಬರಿಗಳಲ್ಲಿ ಮುಂದೆ ಯಾವುದು ಎತ್ತಿಕೊಳ್ಳಬೇಕು?

ಓದದೆ ಇಟ್ಟ ಪುಸ್ತಕಗಳ ರಾಶಿ ಮುಂದೆ ಕೂತು, ಒಂದೊಂದೇ ಎತ್ತಿ ಹಿಂಬದಿ ಓದಿ ಕೆಳಗಿಟ್ಟು, ಅರ್ಧ ಗಂಟೆ ಆದ ಮೇಲೆ ಸುಸ್ತಾಗಿ ಫೋನ್ ಹಿಡಿದು ಮಲಗಿದ್ದು ಎಷ್ಟು ಸಲವೋ ಲೆಕ್ಕ ಇಲ್ಲ. ನನ್ನ ರಾಶಿ ಒಮ್ಮೆ 41 ಮುಟ್ಟಿತ್ತು. ಅದರಲ್ಲಿ 9 ಪುಸ್ತಕ ಯಾಕೆ ಕೊಂಡೆ ಅಂತಲೇ ನೆನಪಿರಲಿಲ್ಲ. ಈಗ ಆರಿಸೋಕೆ ಹತ್ತು ನಿಮಿಷ ಸಾಕು.

ಮೊದಲು ರಾಶಿಯನ್ನು ನೆಲದ ಮೇಲೆ ಹರಡಿ. ಇ-ಬುಕ್ ಆಗಿದ್ದರೆ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಕಣ್ಣಿಗೆ ಕಾಣದ ರಾಶಿಯೇ ಜಾಸ್ತಿ ಬೆಳೆಯುವುದು. ಬಣ್ಣ, ಸೈಜು ನೋಡಿ ಜೋಡಿಸೋಕೆ ಹೋಗಬೇಡಿ, ಅದರಲ್ಲೇ ಸಂಜೆ ಆಗುತ್ತದೆ. ಪ್ರತಿ ಪುಸ್ತಕಕ್ಕೂ ಒಂದೇ ಪ್ರಶ್ನೆ ಕೇಳಿ: ಇವರಿಬ್ಬರೂ ಮೊದಲ ಅಧ್ಯಾಯದಲ್ಲೇ ಯಾಕೆ ಒಂದಾಗುವುದಿಲ್ಲ?

ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾದರೆ ಮಜಾ ಹೋಯಿತು. ಇಲ್ಲಿ ಹಾಗಲ್ಲ. ಕೊನೆಗೆ ಇಬ್ಬರೂ ಸೇರುತ್ತಾರೆ ಅಂತ ಗೊತ್ತಿದ್ದೇ ಕೊಳ್ಳುತ್ತೇವೆ. 1980ರಲ್ಲಿ ಶುರುವಾದ ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಕೂಡ ಇಂಥ ಕಾದಂಬರಿಗೆ ಎರಡೇ ಲಕ್ಷಣ ಹೇಳಿತ್ತು: ಕಥೆಯ ನಡುವೆ ಪ್ರೇಮ ಇರಬೇಕು, ಕೊನೆ ಮನಸ್ಸು ತುಂಬುವಂತೆ, ಭರವಸೆ ಉಳಿಯುವಂತೆ ಇರಬೇಕು. ಅಂದ್ರೆ ಶುರುವೂ ಗೊತ್ತು, ಕೊನೆಯೂ ಗೊತ್ತು. ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೆಲ್ಲ ನಡುವೆ ನಿಂತ ಅಡ್ಡಿಯಲ್ಲೇ ಅಲ್ವಾ? ಅದನ್ನು ಬಿಟ್ಟು ಮುಖಪುಟ ನೋಡಿ ಆರಿಸಿದರೆ ಏಮಾರುವುದು ಗ್ಯಾರಂಟಿ. ಕಾರ್ಟೂನ್ ಥರದ ಮುದ್ದಾದ ಮುಖಪುಟದ ಒಳಗೆ ಸಾವು, ಶೋಕ ತುಂಬಿದ ಕಥೆ ಸಿಕ್ಕಿ ನಾನು ಪ್ರಯಾಣದಲ್ಲಿ ಎಲ್ಲರೆದುರು ಮೂಗು ಒರೆಸಿಕೊಂಡಿದ್ದೇನೆ.

ಅಡ್ಡಿ ಹೊರಗಡೆ ಇರಬಹುದು. ಮನೆಯವರು, ಹಣ, ಅಂತಸ್ತು, ಯುದ್ಧ, ಬೇರೆ ಊರಿಗೆ ವರ್ಗ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿದೆ, ಲೋಕ ಬಿಡುತ್ತಿಲ್ಲ. ತಲೆ ದಣಿದ ದಿನಕ್ಕೆ ಇದು ಚೆನ್ನ, ಯಾಕಂದ್ರೆ ಇಬ್ಬರೂ ಒಂದೇ ಪಕ್ಷ, ನೀವು ಸುಮ್ನೆ ಅವರ ಜೊತೆ ಹೋದರೆ ಆಯಿತು. ಸುಳ್ಳು ಮದುವೆ, ಒಪ್ಪಂದದ ಮದುವೆಯ ಕಥೆಗಳನ್ನೂ ನಾನು ಇದೇ ಗುಂಪಿಗೆ ಹಾಕುತ್ತೇನೆ, ಅವುಗಳಲ್ಲಿ ನಗು ಜಾಸ್ತಿ.

ಇನ್ನು ಕೆಲವದರಲ್ಲಿ ಅಡ್ಡಿ ಒಳಗಡೆ. ಹಳೆ ಗಾಯ, ನಂಬೋಕೆ ಭಯ, ತನಗೆ ಇದೆಲ್ಲ ಸಲ್ಲದು ಅನ್ನುವ ಅಳುಕು. ಇಂಥವು ನಿಧಾನ. ವಾರದ ನಡುವೆ ರಾತ್ರಿ ಹತ್ತತ್ತು ಪುಟ ಓದಿದರೆ ನಾಯಕ ಬರೀ ಕೊರಗುತ್ತಾನೆ ಅನ್ನಿಸುತ್ತದೆ. ಬಿಡುವಿರುವ ದಿನಕ್ಕೆ ತೆಗೆದಿಡಿ.

ನನಗೆ ಹೆಚ್ಚು ಇಷ್ಟ ಮೂರನೆಯದು, ಅಡ್ಡಿ ಇಬ್ಬರ ನಡುವೆಯೇ ಇರುವುದು. ಪೈಪೋಟಿ, ತಾತ್ಸಾರ, ಹಿಂದೊಮ್ಮೆ ಕೈಕೊಟ್ಟ ಕಥೆ. ಜೇನ್ ಆಸ್ಟಿನ್ 1813ರಲ್ಲೇ ಇದನ್ನು ಹೇಗೆ ಮಾಡಿದರು ನೋಡಿ: ‘ಪ್ರೈಡ್ ಆ್ಯಂಡ್ ಪ್ರಿಜುಡೀಸ್’ನ 61 ಅಧ್ಯಾಯಗಳಲ್ಲಿ 34ನೆಯದರಲ್ಲೇ ಡಾರ್ಸಿ ಬಂದು ಮದುವೆ ಆಗ್ತೀಯಾ ಅಂತ ಕೇಳುತ್ತಾನೆ, ಎಲಿಜಬೆತ್ ಆಗಲ್ಲ ಅನ್ನುತ್ತಾಳೆ. ಅಡ್ಡಿ ಬರೀ ಹಣ, ಅಂತಸ್ತು ಆಗಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಅಡ್ಡಿ ಅವನ ನಡತೆಯಲ್ಲಿತ್ತು, ಅವಳ ಕೋಪದಲ್ಲಿತ್ತು, ಅದು ಕರಗೋಕೆ ಇನ್ನೂ 27 ಅಧ್ಯಾಯ ಇದ್ದವು. ಜಗಳ ಸವಿಯುವಷ್ಟು ಚುರುಕು ತಲೆಯಲ್ಲಿ ಉಳಿದಿರುವ ದಿನ ಇಂಥದ್ದನ್ನೇ ಎತ್ತಿಕೊಳ್ಳಿ.

ಹಿಂಬದಿ ಓದಿದ ಮೇಲೂ ಅಡ್ಡಿ ಏನು ಅಂತ ಗೊತ್ತಾಗದಿದ್ದರೆ, ಅಥವಾ ಐದು ನಿಮಿಷ ಕೂತು ಮಾತಾಡಿದರೆ ಬಗೆಹರಿಯುವ ತಪ್ಪು ತಿಳುವಳಿಕೆ ಅಷ್ಟೇ ಅಂತ ಅನ್ನಿಸಿದರೆ, ರಾಶಿಯ ಅಡಿಗೆ. ಇದು ನನ್ನ ಹಟ. ನಿಮಗೆ ಇಷ್ಟವಾದರೆ ಓದಿ, ನನ್ನನ್ನು ಮಾತ್ರ ಬೈಯಬೇಡಿ.

ಈಗ ನೀವು ಕೊನೆಗೆ ಓದಿ ಮುಗಿಸಿದ್ದು ಯಾವುದು ನೆನಪಿಸಿಕೊಳ್ಳಿ. ಅದೇ ಥರದ ಅಡ್ಡಿಯ ಪುಸ್ತಕ ಕೂಡಲೇ ಬೇಡ. ಬಿಟ್ಟುಹೋದವರು ಮತ್ತೆ ಸಿಗುವ ಕಥೆಗಳನ್ನು ನಾನು ಸಾಲಾಗಿ ಮೂರು ಓದಿದೆ. ಮೂರನೆಯದರಲ್ಲಿ ಅವನು ಹಿಂದೆ ಯಾಕೆ ಓಡಿಹೋಗಿದ್ದ ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ, ಹಿಂದಿನ ಪುಟಗಳನ್ನು ತಿರುವಿ ನೋಡಿದರೆ ನನ್ನ ತಲೆಯಲ್ಲಿದ್ದದ್ದು ಮೊದಲ ಪುಸ್ತಕದ ನಾಯಕ! ಪಾಪ, ಮೂರನೆಯದು ಒಳ್ಳೆ ಕಾದಂಬರಿಯೇ ಆಗಿತ್ತು.

ಎಷ್ಟು ಸಮಯ ಇದೆ ಅನ್ನುವುದೂ ನೋಡಬೇಕು, ಆದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಚಿಕ್ಕ ರೊಮ್ಯಾನ್ಸ್ 50,000 ಪದ ಅಂತ ಇಟ್ಟುಕೊಳ್ಳಿ, ನಿಮಿಷಕ್ಕೆ 250 ಪದ ಓದುವವರಿಗೆ 200 ನಿಮಿಷ, ಒಂದು ಮಧ್ಯಾಹ್ನ. ಲಕ್ಷ ಪದದ ಐತಿಹಾಸಿಕ ಪ್ರೇಮಕಥೆಗೆ ಅದರ ಎರಡರಷ್ಟು. ಹಾಸಿಗೆ ದೃಶ್ಯಗಳು ಎಷ್ಟು ಬಿಚ್ಚಾಗಿವೆ, ನಿಮ್ಮನ್ನು ಕಲಕುವ ವಿಷಯ ಏನಾದರೂ ಇದೆಯಾ ಅಂತ ಓದಿದವರ ಅಭಿಪ್ರಾಯದಲ್ಲಿ ಒಂದು ಕಣ್ಣು ಹಾಯಿಸಿ ಸಾಕು.

ಸರಣಿಯ ಪುಸ್ತಕ ಬಂದಾಗ ಮಾತ್ರ ಸ್ವಲ್ಪ ನಿಲ್ಲಿ. ಅಕ್ಕತಂಗಿಯರಲ್ಲೋ ಗೆಳೆಯರ ಗುಂಪಿನಲ್ಲೋ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಇರುವ ಸರಣಿಯಾದರೆ ಕೈಯಲ್ಲಿ ನಾಲ್ಕನೆಯದು ಮಾತ್ರ ಇದ್ದರೂ ಧೈರ್ಯವಾಗಿ ಓದಿ. ಹಿಂದಿನ ಜೋಡಿಗಳು ಮಗು ಎತ್ತಿಕೊಂಡು ಊಟಕ್ಕೆ ಬಂದು ಹೋಗುತ್ತಾರೆ, ಅವರು ಸೇರಿದರು ಅಂತ ತಿಳಿದರೆ ನಷ್ಟ ಏನೂ ಇಲ್ಲ. ಒಂದೇ ಜೋಡಿಯ ಕಥೆ ಮೂರು ಭಾಗಗಳಲ್ಲಿ ಎಳೆದಿದ್ದರೆ ಮೂರೂ ಕೈಗೆ ಸಿಗುವ ತನಕ ಮುಟ್ಟಬೇಡಿ. ಮೊದಲ ಭಾಗದ ಕೊನೆಗೆ ಅವಳು ರೈಲು ಹತ್ತಿರುತ್ತಾಳೆ, ನೀವು ರಾತ್ರಿ ಎರಡು ಗಂಟೆಗೆ ಎರಡನೆಯದನ್ನು ಹುಡುಕುತ್ತಾ ಕೂತಿರುತ್ತೀರಿ.

ಇಷ್ಟಾದ ಮೇಲೂ ಎರಡು ಮೂರು ಉಳಿಯುತ್ತವೆ. ಆಗ ಮೊದಲ ಪುಟ ಬೇಡ, ಅದನ್ನು ಎಲ್ಲರೂ ತಿದ್ದಿ ತೀಡಿ ಬರೆದಿರುತ್ತಾರೆ. ಇಬ್ಬರೂ ಮೊದಲ ಸಲ ಮಾತಾಡುವ ಜಾಗ ಹುಡುಕಿ ಎರಡು ಪುಟ ಓದಿ. ಮೊನ್ನೆ ನನಗೆ ಹೀಗೇ ಮೂರು ಉಳಿದವು. ಒಂದರಲ್ಲಿ ಅವಳ ಕಣ್ಣಿನ ವರ್ಣನೆಯೇ ಒಂದೂವರೆ ಪುಟ, ಅವಳು ಬಾಯಿ ಬಿಡುವಷ್ಟರಲ್ಲಿ ನನಗೆ ಆಕಳಿಕೆ. ಇನ್ನೊಂದರಲ್ಲಿ ಅವನು ಮಾತಾಡುವುದಿಲ್ಲ, ಗುರುಗುಟ್ಟುತ್ತಾನೆ. ಮೂರನೆಯದರಲ್ಲಿ ಅವಳು ಅವನ ಕೊಡೆ ವಾಪಸ್ ಕೊಡೋಕೆ ಬಂದಿದ್ದಾಳೆ, ಮಳೆ ನಿಂತು ನಾಲ್ಕು ದಿನ ಆಗಿದೆ. “ಇವತ್ತೇ ಕೊಡಬೇಕಿತ್ತಾ?” ಅನ್ನುತ್ತಾನೆ. “ನಾಳೆ ಮಳೆ ಬಂದರೆ ನಿಮಗೆ ಬೇಕಾಗುತ್ತಲ್ಲ.” “ಹಾಗಾದ್ರೆ ನಿಮಗೂ ಬೇಕಾಗುತ್ತೆ, ಇಟ್ಟುಕೊಳ್ಳಿ.” ಕೊಡೆ ಇಬ್ಬರ ಕೈಯಲ್ಲೂ ಇದೆ, ಯಾರೂ ಬಿಡುತ್ತಿಲ್ಲ. ಕಣ್ಣಿನ ಬಣ್ಣದ ಮಾತೇ ಇಲ್ಲ. ನಾನು ನೆಲದ ಮೇಲೆ ಕೂತಲ್ಲೇ ಮೂವತ್ತು ಪುಟ ಓದಿಬಿಟ್ಟಿದ್ದೆ.

ಉಳಿದವನ್ನು ವಾಪಸ್ ಇಡುವ ಮೊದಲು ಒಳಗೊಂದು ಚೀಟಿ ಹಾಕಿ, ಅದರ ಮೇಲೆ ಅಡ್ಡಿ ಏನು ಅಂತ ಮೂರು ನಾಲ್ಕು ಪದ ಬರೆಯಿರಿ. ‘ಅಣ್ಣನ ಗೆಳೆಯ, ಹಳೆ ಸಾಲ’, ‘ಒಂದೇ ಆಫೀಸು, ಒಂದೇ ಹುದ್ದೆ’ ಅಷ್ಟು ಸಾಕು. ಮುಂದಿನ ಸಲ ಹಿಂಬದಿ ಓದುವ ಕೆಲಸ ತಪ್ಪುತ್ತದೆ. ಚೀಟಿಯಲ್ಲಿ ಏನು ಬರೆಯೋದು ಅಂತಲೇ ಹೊಳೆಯದ ಪುಸ್ತಕಗಳನ್ನು ಯಾರಿಗಾದರೂ ಕೊಟ್ಟುಬಿಡಿ. ನನ್ನ ಆ 9 ಪುಸ್ತಕಗಳಲ್ಲಿ 7 ಹೋದವು. ಇನ್ನೆರಡಕ್ಕೆ ಚೀಟಿ ಸಿಕ್ಕಿದೆ, ಕೊಡೆ ಮುಗಿದ ಮೇಲೆ ಅವುಗಳ ಸರದಿ.