ಫುಲ್ ಟ್ಯಾಂಕ್ ಮಾಡಿಸುವಾಗ ಮೊದಲ ಕಟ್-ಆಫ್‌ಗೇ ನಿಲ್ಲಿಸಿ

ಬಂಕಿನಲ್ಲಿ ನಾಝಲ್ ತಾನಾಗಿ ನಿಂತ ಮೇಲೂ ಬಿಲ್ಲನ್ನು ಸರಿಮೊತ್ತಕ್ಕೆ ತರಲೆಂದು ಇನ್ನಷ್ಟು ಪೆಟ್ರೋಲ್ ಹಾಕಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಯುಪಿಐ ಕಾಲದಲ್ಲಿ ಚಿಲ್ಲರೆಯ ಚಿಂತೆಯೂ ಇಲ್ಲ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯು ಹೊರಗಿನ ಗಾಳಿಗೆ ಸೇರದಂತೆ, ಅದನ್ನು ಸಕ್ರಿಯ ಇದ್ದಿಲು ತುಂಬಿದ ಕ್ಯಾನಿಸ್ಟರ್ ಎಂಬ ಡಬ್ಬಿಯಲ್ಲಿ ಹಿಡಿದಿಡಲಾಗುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ದಾರಿಯಲ್ಲಿರುವ ಪರ್ಜ್ ವಾಲ್ವನ್ನು ತೆರೆಯುತ್ತದೆ. ಆಗ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡಿನ ಸೆಳೆತಕ್ಕೆ ತಾಜಾ ಗಾಳಿಯು ಇದ್ದಿಲಿನ ಮೂಲಕ ಹಾದು, ಆವಿಯನ್ನು ಬಿಡಿಸಿಕೊಂಡು ಎಂಜಿನ್ ಸೇರುತ್ತದೆ; ಆವಿ ಅಲ್ಲಿ ಉರಿದುಹೋಗುತ್ತದೆ. ಈ ಇದ್ದಿಲು ಇರುವುದು ಆವಿಗಾಗಿಯೇ ಹೊರತು ದ್ರವಕ್ಕಲ್ಲ. ಟ್ಯಾಂಕಿನ ಮೇಲ್ಭಾಗದಲ್ಲಿ ಆವಿಗೆಂದು ಬಿಟ್ಟ ಜಾಗವನ್ನೂ ತುಂಬಿಸಿದರೆ ಪೆಟ್ರೋಲೇ ಡಬ್ಬಿಗೆ ಹರಿದು ಇದ್ದಿಲನ್ನು ನೆನೆಸಬಹುದು. ಆಮೇಲೆ ಸ್ಟಾರ್ಟ್ ಆಗಲು ತಡವರಿಸುವುದು, ಪೆಟ್ರೋಲ್ ವಾಸನೆ, ಚೆಕ್ ಎಂಜಿನ್ ದೀಪ ಕಾಣಿಸಿಕೊಳ್ಳಬಹುದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ರಬ್ಬರ್ ಸೀಲ್ ಬಿರುಕುಬಿಟ್ಟಿದ್ದರೂ ಆ ದೀಪ ಹೊತ್ತಿಕೊಳ್ಳಬಹುದಾದ್ದರಿಂದ ಮೊದಲು ಅದನ್ನೇ ನೋಡಿ.