ಹೊಟ್ಟೆ ಸುಮ್ಮನಿದ್ದು ನರ ಸೋತಾಗ: ಗ್ಲುಟನ್ ಇಲ್ಲದ ಅಡುಗೆಮನೆ, ನನ್ನ ಅನುಭವ

ಗ್ಲುಟನ್ ಗೋಧಿ, ಬಾರ್ಲಿಗಳಲ್ಲಿರುವ ಪ್ರೋಟೀನು. ಅದೆಂದರೆ ಹೊಟ್ಟೆಯ ತಾಪತ್ರಯ ಎಂದೇ ಹೆಚ್ಚಿನವರ ಎಣಿಕೆ. ನನ್ನಂಥವರಿಗೆ ಭೇದಿಯೂ ಇಲ್ಲ, ಹೊಟ್ಟೆಯುಬ್ಬರವೂ ಇಲ್ಲ. ಪಾದಗಳಲ್ಲಿ ಬಿಡದ ಜೋಮು, ಕತ್ತಲಲ್ಲಿ ನಡೆದರೆ ಓಲಾಟ, ಮೆಟ್ಟಿಲಿಳಿಯುವಾಗ ತಾನಾಗಿ ಗೋಡೆ ಹುಡುಕುವ ಕೈ, ಮಧ್ಯಾಹ್ನದ ಹೊತ್ತಿಗೆ ಮಂಕು ಕವಿದ ತಲೆ. ವೈದ್ಯರ ಮಾತಿನಲ್ಲಿ ಇವಕ್ಕೆ ಗ್ಲುಟನ್ ನ್ಯೂರೋಪತಿ (ಕೈಕಾಲಿನ ನರಗಳ ಹಾನಿ), ಗ್ಲುಟನ್ ಅಟಾಕ್ಸಿಯಾ (ನಡಿಗೆಯ ಹಿಡಿತ ತಪ್ಪುವುದು) ಎಂಬ ಹೆಸರುಗಳಿವೆ. ಇಂಗ್ಲೆಂಡಿನ ಶೆಫೀಲ್ಡ್‌ನ ನರತಜ್ಞ ಮಾರಿಯೋಸ್ ಹಜಿವಾಸಿಲಿಯು ಮತ್ತು ಸಂಗಡಿಗರು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಮೇಲೆ ನರವೈದ್ಯರು ಇದನ್ನು ಹುಡುಕತೊಡಗಿದರು. ಕಾರಣ ತಿಳಿಯದ ನರರೋಗವಿದ್ದ 53 ಮಂದಿಯಲ್ಲಿ 30 ಮಂದಿಯ ರಕ್ತದಲ್ಲಿ ಗ್ಲುಟನ್ನಿನ ಭಾಗವಾದ ಗ್ಲಿಯಾಡಿನ್ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯಗಳು ಅವರಿಗೆ ಸಿಕ್ಕಿದ್ದವು.

ಹೊಟ್ಟೆ ಕೆಡುವವರಿಗೆ ತಪ್ಪಿ ಗೋಧಿ ತಿಂದದ್ದು ಅಂದೇ ಗೊತ್ತಾಗುತ್ತದೆ. ನಮಗೆ ಆ ಎಚ್ಚರಿಕೆ ಇಲ್ಲ. ನಡಿಗೆಯ ಸಮತೋಲ ಕಾಯುವ ಕಿರುಮೆದುಳಿನ ಪರ್ಕಿಂಜೆ ಕೋಶಗಳು ಸದ್ದಿಲ್ಲದೆ ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ “ತಿಂದು ನೋಡೋಣ, ಏನೂ ಆಗದಿದ್ದರೆ ಸರಿ” ಎಂಬ ಲೆಕ್ಕ ನಮಗೆ ನಡೆಯದು. ನನ್ನ ವ್ಯವಸ್ಥೆಯೆಲ್ಲ ನಿಂತಿರುವುದು ಮಿಲಿಗ್ರಾಂ ಲೆಕ್ಕದ ಮೇಲೆ ಮತ್ತು ರಕ್ತಪರೀಕ್ಷೆಯ ಮೇಲೆ.

ಮೊದಲು ಪರೀಕ್ಷೆಯ ವಿಷಯ, ಏಕೆಂದರೆ ಹಾದಿ ತಪ್ಪುವುದು ಅಲ್ಲಿಯೇ. ನಮ್ಮಲ್ಲಿ ಸಸ್ಯಾಹಾರಿಯೊಬ್ಬರು ಜೋಮು ಎಂದು ಹೋದರೆ ಬಿ12 ನೋಡುತ್ತಾರೆ, ಕಡಿಮೆ ಇರುತ್ತದೆ, ಇಂಜೆಕ್ಷನ್ ಕೊಡುತ್ತಾರೆ, ಹುಡುಕಾಟ ಮುಗಿಯುತ್ತದೆ. ಬಿ12 ಸರಿಯಾದ ಮೇಲೂ ಜೋಮು ಮುಂದುವರಿದರೆ, ಅಥವಾ ಜೊತೆಗೆ ಕಬ್ಬಿಣಾಂಶವೂ ವಿಟಮಿನ್ ಡಿಯೂ ಎಷ್ಟು ಮಾತ್ರೆ ನುಂಗಿದರೂ ಏರದಿದ್ದರೆ, ಕರುಳನ್ನು ಸಂಶಯಿಸಬೇಕು. ಗ್ಲುಟನ್ನಿಂದ ಕರುಳಿನ ಒಳಪದರ ಕೆಡುವ ಸೀಲಿಯಾಕ್ ರೋಗ ದಕ್ಷಿಣದಲ್ಲಿ ಅಪರೂಪ ಎಂಬುದು ನಿಜವೇ. 2016ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನದಲ್ಲಿ ಪ್ರತಿಕಾಯ ಇದ್ದವರು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10. ಆದರೆ ಅದೇ ಅಧ್ಯಯನದ ಪ್ರಕಾರ ರೋಗಕ್ಕೆ ಬೇಕಾದ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಸಮಾನ. ದೊಡ್ಡ ವ್ಯತ್ಯಾಸ ಇದ್ದದ್ದು ಗೋಧಿ ತಿನ್ನುವ ಪ್ರಮಾಣದಲ್ಲಿ. ರಾತ್ರಿಯೂಟಕ್ಕೆ ಅನ್ನ ಬಿಟ್ಟು ಚಪಾತಿಗೆ ಹೊರಳಿರುವ ಮನೆಗಳು ಇದನ್ನು ನೆನಪಿಡಬೇಕು.

ಕೇಳಬೇಕಾದ್ದು ಟಿಟಿಜಿ ಐಜಿಎ ಎಂಬ ಪ್ರತಿಕಾಯದ ರಕ್ತಪರೀಕ್ಷೆ, ಅದರ ಜೊತೆಗೇ ಒಟ್ಟು ಐಜಿಎ (ರಕ್ತದಲ್ಲಿ ಐಜಿಎ ಬಗೆಯ ಪ್ರತಿಕಾಯಗಳ ಒಟ್ಟು ಪ್ರಮಾಣ). ಒಟ್ಟು ಐಜಿಎ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಮೊದಲನೆಯದು ಸುಳ್ಳೇ ನೆಗೆಟಿವ್ ಬರುತ್ತದೆ. ಅಂಥವರಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆ ಬೇಕು. ನರದ ತೊಂದರೆಗೆ ಹೆಚ್ಚು ಹತ್ತಿರವಾದ ಟಿಜಿ6 ಪ್ರತಿಕಾಯದ ಪರೀಕ್ಷೆಯನ್ನು ಸಾಮಾನ್ಯ ಲ್ಯಾಬ್‌ಗಳು ಮಾಡುವುದಿಲ್ಲ. ಪಾಸಿಟಿವ್ ಬಂದರೆ ಎಂಡೋಸ್ಕೋಪಿ. ಆಗ ಸಣ್ಣಕರುಳಿನ ಮೊದಲ ಭಾಗದಿಂದ ಕನಿಷ್ಠ 4 ಚೂರು, ಬಲ್ಬ್ ಎಂಬ ಜಾಗದಿಂದ ಮತ್ತೊಂದೆರಡು ತೆಗೆಯಬೇಕು, ಏಕೆಂದರೆ ಹಾನಿ ತೇಪೆ ತೇಪೆಯಾಗಿರುತ್ತದೆ. ಗ್ಲುಟನ್ ಅಟಾಕ್ಸಿಯಾ ಇರುವ ಅನೇಕರಲ್ಲಿ ಕರುಳಿನ ಚೂರು ಸಹಜವಾಗಿಯೇ ಕಾಣಬಹುದು. ಅದೊಂದನ್ನೇ ನೋಡಿ ಫೈಲು ಮುಚ್ಚಲು ಬಿಡಬೇಡಿ, ಪ್ರತಿಕಾಯದ ವರದಿಯನ್ನು ನರತಜ್ಞರ ಮುಂದೆ ಇಡಿ.

ಈ ಪರೀಕ್ಷೆಗಳೆಲ್ಲ ಮುಗಿಯುವ ಮೊದಲು ಗೋಧಿ ಬಿಡಬಾರದು. ಅನ್ನ, ಮುದ್ದೆ ಉಣ್ಣುವವರಿಗೆ ಇದು ಇನ್ನೂ ಮುಖ್ಯ. ಗೋಧಿಯೇ ಒಳಹೋಗದಿದ್ದರೆ ಪ್ರತಿಕಾಯ ಕಾಣುವುದಾದರೂ ಹೇಗೆ? 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 3 ಗ್ರಾಂ ಗ್ಲುಟನ್ ಇರುತ್ತದೆ. ದಿನಕ್ಕೆ ಎರಡರಂತೆ 6ರಿಂದ 8 ವಾರ ತಿಂದು ಪರೀಕ್ಷೆಗೆ ಹೋದರೆ ಉತ್ತರ ನಂಬುವಂತಿರುತ್ತದೆ. ಆಗಲೇ ಬಿಟ್ಟಿದ್ದು ನಡಿಗೆ ಬೇಗ ಬೇಗ ಕೆಡುತ್ತಿರುವವರು ಇದನ್ನು ಸ್ವಂತಕ್ಕೆ ಮಾಡಬಾರದು. ಅವರು ವೈದ್ಯರೊಂದಿಗೆ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿಗಳ ಪರೀಕ್ಷೆಯ ಮಾತಾಡಲಿ. ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇರುವ ಸಂಭವ ತೀರ ಕಡಿಮೆ.

ಇನ್ನು ಅಡುಗೆಮನೆ. ಇಟಲಿಯ ಸಂಶೋಧಕರು 2007ರಲ್ಲಿ ತೋರಿಸಿದ್ದು ಹೀಗೆ: ಸೀಲಿಯಾಕ್ ಇರುವವರು ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್‌ನಂತೆ ಮೂರು ತಿಂಗಳು ತಿಂದರೆ ಕರುಳಿನ ಒಳಪದರ ಕೆಡುತ್ತದೆ. 50 ಮಿಲಿಗ್ರಾಂ ಎಂದರೆ ಅರ್ಧ ಗ್ರಾಂ ಮೈದಾ, ಬೆರಳ ತುದಿಗೆ ಅಂಟುವಷ್ಟು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರಿಗೆ ಹಾನಿಯಿಲ್ಲ ಎಂಬುದು ಸಾಮಾನ್ಯ ಒಪ್ಪಿಗೆ. ನಾನು ನನ್ನ ಮಿತಿಯನ್ನು ಆ 10ರ ಕೆಳಗೇ ಇಟ್ಟುಕೊಂಡಿದ್ದೇನೆ.

ಚಪಾತಿ, ಉಪ್ಪಿಟ್ಟು, ಶ್ಯಾವಿಗೆ, ಬ್ರೆಡ್ಡು ಬಿಡುವುದು ಸುಲಭದ ಭಾಗ. ಕಣ್ಣಿಗೆ ಕಾಣದ ಗೋಧಿಯಲ್ಲಿ ನಾನು ಮೊದಲು ಹಿಡಿಯುವುದು ಇಂಗನ್ನು. ಅಂಗಡಿಯ ಡಬ್ಬಿ ಇಂಗು ಕಲಬೆರಕೆಯಲ್ಲ, ಅದು ಮಿಶ್ರ ಇಂಗು: ಇಂಗಿನ ಅಂಟಿಗೆ ಗೋಂದು ಮತ್ತು ಹಿಟ್ಟು ಸೇರಿಸಿ ಮಾಡಿದ್ದು, ಆ ಹಿಟ್ಟು ಬಹುಪಾಲು ಗೋಧಿಯದು. ಅರ್ಧ ಪಾಲು ಗೋಧಿಹಿಟ್ಟು ಎಂದುಕೊಂಡರೆ 0.2 ಗ್ರಾಂ ಚಿಟಿಕೆಯಲ್ಲಿ ಸುಮಾರು 10 ಮಿಲಿಗ್ರಾಂ ಗ್ಲುಟನ್. ಅದು ನಾಲ್ವರ ಸಾರಿಗೆ ಹಂಚಿಹೋಗುತ್ತದೆ ನಿಜ. ಆದರೆ ಬೆಳಗಿನ ಚಟ್ನಿ, ಮಧ್ಯಾಹ್ನದ ಹುಳಿ, ತಿಳಿಸಾರು, ಉಪ್ಪಿನಕಾಯಿ, ಒಗ್ಗರಣೆ ಮಜ್ಜಿಗೆ, ಹೀಗೆ ದಿನವಿಡೀ ಸೇರುತ್ತಲೇ ಹೋದರೆ ಮಿತಿ ದಾಟುತ್ತದೆ. ಅಕ್ಕಿಹಿಟ್ಟಿನಲ್ಲಿ ಮಾಡಿದ ಇಂಗು ಸಿಗುತ್ತದೆ, ಡಬ್ಬಿಯ ಹಿಂದೆ ಓದಿ ಕೊಳ್ಳಿ. ಸಾಂಬಾರು ಪುಡಿ, ಪುಳಿಯೋಗರೆ ಪುಡಿ, ಹಪ್ಪಳ, ಸಂಡಿಗೆಗಳಲ್ಲೂ ಇಂಗು ಇರುವುದರಿಂದ ಅವೆಲ್ಲ ಮನೆಯಲ್ಲೇ ಆಗಬೇಕು.

ಎರಡನೆಯದು ಗಿರಣಿ. ರಾಗಿಯಲ್ಲಿ, ಜೋಳದಲ್ಲಿ, ಸಜ್ಜೆಯಲ್ಲಿ, ನವಣೆ, ಸಾಮೆ, ಹಾರಕ, ಊದಲುಗಳಲ್ಲಿ ನಮ್ಮನ್ನು ಕಾಡುವ ಗ್ಲುಟನ್ ಇಲ್ಲ. ಗಿರಣಿ ಕಲ್ಲಿನ ಸಂದಿನಲ್ಲಿ, ಹಿಟ್ಟು ಬೀಳುವ ಬಟ್ಟೆಚೀಲದಲ್ಲಿ ಹಿಂದಿನವರ ಗೋಧಿಹಿಟ್ಟು ಉಳಿದಿರುತ್ತದೆ. ಬರೀ 10 ಗ್ರಾಂ ನಿಮ್ಮ 5 ಕಿಲೋ ರಾಗಿಹಿಟ್ಟಿಗೆ ಬಂದರೆ ಕಿಲೋಗೆ 200 ಮಿಲಿಗ್ರಾಂ ಗ್ಲುಟನ್ ಆಯಿತು. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ‘ಗ್ಲುಟನ್ ರಹಿತ’ ಎಂದು ಬರೆಯಲು ಒಪ್ಪುವ ಮಿತಿ ಕಿಲೋಗೆ 20. ಅದರ ಹತ್ತು ಪಟ್ಟು. “ಮೊದಲು ಅಕ್ಕಿ ಬೀಸಿ ಆಮೇಲೆ ನಿಮ್ಮದು ಹಾಕುತ್ತೇವೆ” ಎಂಬ ಮಾತು ಪ್ರೀತಿಯದೇ, ಆದರೆ ಸಾಲದು. ಗೋಧಿ ಎಂದೂ ಕಾಣದ ಸಣ್ಣ ಗಿರಣಿಯೊಂದು ಮನೆಯಲ್ಲಿರಬೇಕು. ಅದಾಗದಿದ್ದರೆ ಮಿಕ್ಸಿಯ ಒಣ ಜಾರಿನಲ್ಲಿ 250 ಗ್ರಾಂನಂತೆ ಬೀಸಿ ಸಣ್ಣ ಜರಡಿಯಲ್ಲಿ ಹಿಡಿಯಬಹುದು.

ಬೀಸುವ ಮೊದಲು ಕಾಳು ಆರಿಸುವ ಕೆಲಸ. ಉತ್ತರ ಕರ್ನಾಟಕದಲ್ಲಿ ಹಿಂಗಾರಿ ಜೋಳವೂ ಗೋಧಿಯೂ ಒಂದೇ ಹಂಗಾಮಿನವು, ಕಣದಲ್ಲೋ ಚೀಲದಲ್ಲೋ ಬೆರೆಯುತ್ತವೆ. ಒಂದು ಗೋಧಿಕಾಳಿನ ತೂಕ ಸುಮಾರು 40 ಮಿಲಿಗ್ರಾಂ, ಅದರಲ್ಲಿ ಗ್ಲುಟನ್ ಸುಮಾರು 4. ಅಂದರೆ ಒಂದು ಕಿಲೋ ಜೋಳದಲ್ಲಿ ಐದು ಗೋಧಿಕಾಳು ಉಳಿದರೆ ಅದು ಮಿತಿಗೆ ಮುಟ್ಟಿತು. ಬೆಳಕಿನಲ್ಲಿ ಮೊರದ ಮೇಲೆ ಅರ್ಧ ಕಿಲೋದಂತೆ ತೆಳ್ಳಗೆ ಹರಡಿ ಎರಡು ಸಲ ನೋಡುತ್ತೇನೆ. ಜೋಳ ಗುಂಡಗೆ, ಗೋಧಿ ಉದ್ದಕ್ಕೆ, ಹೊಟ್ಟೆಯ ಮೇಲೆ ಸೀಳುಗೆರೆ. ಕೈಯ ಸ್ಪರ್ಶ ಮಂದವಾಗಿರುವವರು ಈ ಕೆಲಸವನ್ನು ಕಣ್ಣಿಂದಲೇ ಮಾಡಬೇಕು ಇಲ್ಲವೇ ಮನೆಯವರಿಗೆ ಬಿಡಬೇಕು. ರಾಗಿಯಲ್ಲಿ ಇಷ್ಟು ಕಷ್ಟವಿಲ್ಲ. ರಾಗಿ ಕೆಳಗಿಳಿದು ಗೋಧಿ ಜರಡಿಯ ಮೇಲೇ ನಿಲ್ಲುತ್ತದೆ. ಆಮೇಲೆ ತೊಳೆದು ಒಣಗಿಸಿದರೆ ಅಂಟಿದ ಧೂಳೂ ಹೋಗುತ್ತದೆ.

ಮಿಕ್ಸಿ ಹಿಟ್ಟು ತುಸು ತರಿ, ಅದರ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಗ್ಲುಟನ್ ಇಲ್ಲದ ಹಿಟ್ಟನ್ನು ಹಿಡಿದಿಡುವುದು ಬೆಂದ ಪಿಷ್ಟ. ಆದ್ದರಿಂದ ಎಸರು ಕುದಿಯುತ್ತಿರುವಾಗಲೇ ಹಿಟ್ಟಿಗೆ ಹಾಕಬೇಕು, ಒಂದು ಲೋಟ ಹಿಟ್ಟಿಗೆ ಸುಮಾರು ಒಂದು ಲೋಟ ನೀರು, ಬಿಸಿ ಇರುವಾಗಲೇ ನಾದಬೇಕು. ಹಿಟ್ಟು ಹಳೆಯದಾದಷ್ಟೂ ಜಿಗಿ ಹೋಗುತ್ತದೆ. ವಾರಕ್ಕೆ ಸಾಕಾಗುವಷ್ಟೇ ಬೀಸಿಕೊಳ್ಳಿ.

ಮನೆಯ ಉಳಿದವರು ಗೋಧಿ ತಿನ್ನುವುದಾದರೆ ಹಂಚು, ಲಟ್ಟಣಿಗೆ, ಮಣೆ, ಜರಡಿ, ಮರದ ಸೌಟು ಪ್ರತ್ಯೇಕವಾಗಬೇಕು. ಇವುಗಳ ರಂಧ್ರ, ಗೀರು, ಹೆಣಿಗೆಗಳಿಂದ ಹಿಟ್ಟನ್ನು ಪೂರ್ತಿ ತೊಳೆಯಲು ಆಗುವುದಿಲ್ಲ. ಸ್ಟೀಲಿನ ಪಾತ್ರೆ ಚೆನ್ನಾಗಿ ತೊಳೆದರೆ ಸಾಕು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬಾರದು. ಮೈದಾ ಜರಡಿ ಹಿಡಿದಾಗ ಹಿಟ್ಟು ಗಾಳಿಯಲ್ಲಿ ಹಾರಿ ತೆರೆದ ಪಾತ್ರೆಗಳ ಮೇಲೆ ಕೂರುತ್ತದೆ. ನನ್ನ ಅಡುಗೆ ಮೊದಲು, ಮುಚ್ಚಿಟ್ಟ ಮೇಲೆ ಉಳಿದವರದು.

ಪೊಟ್ಟಣಗಳಲ್ಲಿ ಮಾಲ್ಟ್ ಎಂಬ ಮಾತು ಕಂಡರೆ ಅದು ಬಹುತೇಕ ಬಾರ್ಲಿ, ಹಾಲಿಗೆ ಹಾಕುವ ಆರೋಗ್ಯಪೇಯಗಳಲ್ಲಿ ಅದೇ ಮುಖ್ಯ. ಮಾಲ್ಟೋಡೆಕ್ಸ್‌ಟ್ರಿನ್ ಬೇರೆ, ಅದರಿಂದ ತೊಂದರೆಯಿಲ್ಲ. ರಾಗಿ ಬಿಸ್ಕತ್ತು, ರಾಗಿ ಶ್ಯಾವಿಗೆ, ಬಹುಧಾನ್ಯದ ಹುರಿಹಿಟ್ಟುಗಳಲ್ಲಿ ಗೋಧಿ ಸೇರಿರುವುದು ಸಾಮಾನ್ಯ. ಜವೆಗೋಧಿ, ಸದಕ, ಕಪ್ಲಿ ಎಂದು ಮಾರುವ ಹಳೆಯ ತಳಿಗಳನ್ನು “ಗ್ಲುಟನ್ ಕಡಿಮೆ” ಎಂದು ಒತ್ತಾಯಿಸುವವರಿದ್ದಾರೆ. ಅವೂ ಗೋಧಿಯೇ, ನಮಗೆ ಸಲ್ಲ. ಓಟ್ಸನ್ನು ಮೊದಲ ವರ್ಷ ಪೂರ್ತಿ ಬಿಡುವುದು ಲೇಸು.

ಹೊರಗಡೆ ಇಡ್ಲಿ ಸರಿ, ಸಾಂಬಾರು ಬೇಡ, ಏಕೆಂದರೆ ಇಂಗು. ದೋಸೆ ಆ ಕಾವಲಿಯ ಮೇಲೆ ರವೆ ದೋಸೆ ಹುಯ್ಯದಿದ್ದರೆ ಮಾತ್ರ. ರವೆ ಇಡ್ಲಿ, ಮದ್ದೂರು ವಡೆ, ಗೋಳಿಬಜೆ, ಮಂಗಳೂರು ಬನ್ಸ್, ಚಿರೋಟಿ, ಹೋಳಿಗೆ ಎಲ್ಲವೂ ಮೈದಾ ಅಥವಾ ರವೆಯವು. ಕೋಡುಬಳೆ, ನಿಪ್ಪಟ್ಟುಗಳಿಗೂ ಗರಿಗರಿಗೆಂದು ಸೇರಿಸುತ್ತಾರೆ. ಹಬ್ಬಕ್ಕೆ ಹೋಳಿಗೆಯ ಬದಲು ಅಕ್ಕಿಹಿಟ್ಟಿನ ಕಾಯಿಕಡುಬು ಮಾಡಿದರೆ ಇಡೀ ಮನೆ ಒಂದೇ ಎಲೆಯೂಟ ಉಣ್ಣಬಹುದು. ಸತ್ಯನಾರಾಯಣ ಪೂಜೆಯ ಸಜ್ಜಿಗೆ ರವೆಯದು. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟು ಕೈ ತೊಳೆಯುತ್ತೇನೆ, ಹಣ್ಣು, ತೀರ್ಥ ತೆಗೆದುಕೊಳ್ಳುತ್ತೇನೆ. ಯಾರೂ ಬೇಸರಪಟ್ಟುಕೊಂಡಿಲ್ಲ.

ಪಥ್ಯದ ಜೊತೆಗೇ ಕೊರತೆಗಳನ್ನು ತುಂಬಬೇಕು. ಬಿ12, ಫೋಲೇಟ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ವಿಟಮಿನ್ ಡಿ ಪರೀಕ್ಷೆಗಳನ್ನು ಎಲ್ಲರೂ ಬರೆದುಕೊಡುತ್ತಾರೆ. ತಾಮ್ರ ಮತ್ತು ವಿಟಮಿನ್ ಇ ಕೇಳಿ ಮಾಡಿಸಬೇಕು, ಏಕೆಂದರೆ ಅವೆರಡರ ಕೊರತೆಯೂ ಇದೇ ಬಗೆಯ ಓಲಾಟ ತರುತ್ತದೆ. ಜಿಂಕ್ ಮಾತ್ರೆ ಹೆಚ್ಚಾದರೆ ತಾಮ್ರ ಇಳಿಯುತ್ತದೆ. ಬಿ12 ನೋಡದೆ ಬರೀ ಫೋಲಿಕ್ ಆಮ್ಲ ತಿಂದರೆ ರಕ್ತದ ವರದಿ ಚೆನ್ನಾಗಿ ಕಂಡು ನರ ಕೆಡುತ್ತಲೇ ಇರುತ್ತದೆ. ‘ನರದ ಮಾತ್ರೆ’ಗಳಲ್ಲಿ ಬಿ6 ಎಷ್ಟಿದೆ ಓದಿ, ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತಿಂದರೆ ಅದೇ ಜೋಮು ಹುಟ್ಟಿಸುತ್ತದೆ. ಉರಿಗೆ ಕೊಡುವ ಗಾಬಾಪೆಂಟಿನ್, ಪ್ರಿಗಾಬಾಲಿನ್ ಓಲಾಟ ಹೆಚ್ಚಿಸಬಲ್ಲವು. ಹಾಗೆನಿಸಿದರೆ ಥಟ್ಟನೆ ನಿಲ್ಲಿಸದೆ ವೈದ್ಯರಿಗೆ ಹೇಳಿ.

ಪಾದದ ಅರಿವು ಕುಂದಿದವರು ನಿಲ್ಲುವುದೇ ಕಣ್ಣಿನ ಆಸರೆಯಲ್ಲಿ. ಸ್ನಾನದಲ್ಲಿ ತಲೆಗೆ ನೀರು ಹುಯ್ದುಕೊಂಡು ಕಣ್ಣು ಮುಚ್ಚಿದ ಕ್ಷಣವೇ ಬೀಳುವುದು. ಕುಳಿತು ಸ್ನಾನ ಮಾಡಿ, ಗೋಡೆಗೆ ಹಿಡಿಕೆ ಹಾಕಿಸಿ, ಬಿಸಿನೀರನ್ನು ಮೊಣಕೈಯಿಂದ ಪರೀಕ್ಷಿಸಿ. ಮಲಗುವ ಕೋಣೆಯಿಂದ ಬಚ್ಚಲವರೆಗೆ ರಾತ್ರಿದೀಪ ಇರಲಿ. ಬಿಸಿಲೇರಿದ ದೇವಸ್ಥಾನದ ಕಲ್ಲುಹಾಸಿನ ಮೇಲೆ ದಪ್ಪ ಕಾಲುಚೀಲ ಬೇಕು. ಸುಟ್ಟದ್ದು ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆ. ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ.

ಸುಧಾರಣೆಯನ್ನು ಮನಸ್ಸಿನ ಲೆಕ್ಕಕ್ಕೆ ಬಿಡಬಾರದು. ತಿಂಗಳಿಗೊಮ್ಮೆ ಒಂದೇ ಹೊತ್ತಿನಲ್ಲಿ, ಬರಿಗಾಲಿನಲ್ಲಿ, ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತೇನೆ: ಟೈಲ್ಸಿನ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ, ಗೋಡೆಯ ಮೂಲೆಯಲ್ಲಿ ಪಾದ ಜೋಡಿಸಿ ಕಣ್ಣು ಮುಚ್ಚಿ ಎಷ್ಟು ಸೆಕೆಂಡು, ಹಾಳೆಯ ಮೇಲೆ ಒಂದು ಸುರುಳಿಗೆರೆ. ತಲೆಯ ಮಂಕು ಮೊದಲು ತಿಳಿಯಾಗಬಹುದು, ನಡಿಗೆ ನಿಧಾನ. ಅಟಾಕ್ಸಿಯಾದಲ್ಲಿ ಫಲ ಕಾಣಲು ಆರು ತಿಂಗಳಿಂದ ಒಂದು ವರ್ಷ ಬೇಕು. ಕಾಯಿಲೆ ಹಳೆಯದಾದಷ್ಟೂ ಮರಳಿ ಬರುವುದು ಕಡಿಮೆ, ಇನ್ನಷ್ಟು ಕೆಡದೆ ನಿಂತರೂ ಅದು ಗೆಲುವೇ.

ಟಿಟಿಜಿ ಐಜಿಎ ಆರು ತಿಂಗಳಿಗೆ, ಹನ್ನೆರಡಕ್ಕೆ, ಆಮೇಲೆ ವರ್ಷಕ್ಕೊಮ್ಮೆ, ಅದೇ ಲ್ಯಾಬ್‌ನಲ್ಲಿ. ಲ್ಯಾಬ್ ಬದಲಾದರೆ ಅಂಕಿಗಳನ್ನು ಹೋಲಿಸಲಾಗದು. ವರ್ಷವಾದರೂ ಅದು ಇಳಿಯದಿದ್ದರೆ ಇಂಗು, ಗಿರಣಿ, ಹಂಚು, ಹೊರಗಿನ ಊಟ ಎಂಬ ಅನುಕ್ರಮದಲ್ಲಿ ಮತ್ತೆ ಹುಡುಕಿ. ಪ್ರತಿಕಾಯ ಪೂರ್ತಿ ಇಳಿದೂ ನಡಿಗೆ ಕೆಡುತ್ತಿದ್ದರೆ ಗೋಧಿಯ ಹುಡುಕಾಟ ನಿಲ್ಲಿಸಿ, ವಿಡಿಯೋ ಮತ್ತು ತಾಮ್ರ, ವಿಟಮಿನ್ ಇ ವರದಿ ಹಿಡಿದು ನರತಜ್ಞರಲ್ಲಿಗೆ ಹೋಗಿ, ಎಂಆರ್‌ಐ ಮತ್ತು ಬೇರೆ ಕಾರಣಗಳ ಪರೀಕ್ಷೆ ಮಾಡಿಸಿ.